ಒಳಮೀಸಲಾತಿ: ಕಟ್ಟಕಡೆಯವರಿಗೆ ಪಾಲು ಸಿಗುತ್ತಿದೆಯೇ?

ಪ್ರಮುಖ ಅಂಶಗಳು

- ಸುಪ್ರೀಂ ಕೋರ್ಟ್‌ನ ಇಂದ್ರಾ ಸಾಹ್ನಿ ತೀರ್ಪು (1992): ಹಿಂದುಳಿದ ವರ್ಗಗಳ 27% ಮೀಸಲಾತಿಯನ್ನು ಎತ್ತಿಹಿಡಿದು, ಕೆನೆಪದರವನ್ನು (ಆ ವರ್ಗಗಳ ಸ್ಥಿತಿವಂತರನ್ನು) ಹೊರಗಿಟ್ಟಿತು. ಕೆನೆಪದರಕ್ಕೆ ಕೇಂದ್ರದ ಆದಾಯ ಮಿತಿ 2017ರಿಂದ ವಾರ್ಷಿಕ 8 ಲಕ್ಷ ರೂ.
- ರೋಹಿಣಿ ಆಯೋಗ (2017): ಹಿಂದುಳಿದ ವರ್ಗಗಳ ಒಳವರ್ಗೀಕರಣಕ್ಕಾಗಿ ಸಂವಿಧಾನದ 340ನೇ ವಿಧಿಯಡಿ ರಚನೆ, ವರದಿ ಸಲ್ಲಿಕೆ ಜುಲೈ 2023. ಆಯೋಗ 2018ರಲ್ಲಿ ಪರಿಶೀಲಿಸಿದ ಕೇಂದ್ರದ ದತ್ತಾಂಶದಂತೆ, ಈ ವರ್ಗಗಳ ಮೀಸಲಾತಿಯ 97% ಉದ್ಯೋಗ ಮತ್ತು ಸೀಟುಗಳು ಸುಮಾರು 25% ಉಪಜಾತಿಗಳ ಪಾಲಾಗಿದ್ದವು. 983 ಸಮುದಾಯಗಳಿಗೆ ಪ್ರಾತಿನಿಧ್ಯವೇ ಇರಲಿಲ್ಲ.
- ದವಿಂದರ್ ಸಿಂಗ್ ತೀರ್ಪು (1 ಆಗಸ್ಟ್ 2024): 7 ನ್ಯಾಯಮೂರ್ತಿಗಳ ಪೀಠ, 6:1 ಬಹುಮತ. ಪರಿಶಿಷ್ಟ ಜಾತಿಗಳ ಒಳವರ್ಗೀಕರಣಕ್ಕೆ ಅನುಮತಿ, ಅದನ್ನು ನಿರಾಕರಿಸಿದ್ದ 2004ರ ಇ.ವಿ. ಚಿನ್ನಯ್ಯ ತೀರ್ಪು ರದ್ದು.
- ಕರ್ನಾಟಕ: ಸದಾಶಿವ ಆಯೋಗದ ವರದಿ 2012. ನಾಗಮೋಹನ್ ದಾಸ್ ಆಯೋಗದ ವರದಿಯ ನಂತರ, ಆಗಸ್ಟ್ 2025ರಲ್ಲಿ ಸಚಿವ ಸಂಪುಟ ಪರಿಶಿಷ್ಟ ಜಾತಿಗಳ 17% ಮೀಸಲಾತಿಯನ್ನು ಮೂರು ಗುಂಪುಗಳಿಗೆ 6-6-5 ಎಂದು ಹಂಚಲು ತೀರ್ಮಾನಿಸಿತು.

ವಿಶ್ಲೇಷಣೆ

ನಾಗಮೋಹನ್ ದಾಸ್ ಆಯೋಗವು 59 ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕ 1% ಶಿಫಾರಸು ಮಾಡಿತ್ತು. ಸಂಪುಟದ ಸೂತ್ರ ಅವರನ್ನು ಲಂಬಾಣಿ, ಭೋವಿ, ಕೊರಚ, ಕೊರಮರೊಂದಿಗೆ 5%ರ ಗುಂಪಿಗೆ ಸೇರಿಸಿತು. ಊರೂರು ಅಲೆಯುವ ಸುಡುಗಾಡು ಸಿದ್ಧರ ಮಗುವಿಗೆ ಜಾತಿ ಪ್ರಮಾಣಪತ್ರ ಬೇಕಾದರೆ ವಿಳಾಸ, ಶಾಲಾ ದಾಖಲೆಯೇ ಮೊದಲ ತೊಡಕು. ಶಾಲೆ ಮುಗಿಸದವರಿಗೆ ಹುದ್ದೆಯ ಮೀಸಲಾತಿ ಕಾಗದದ ಮೇಲಷ್ಟೇ ಉಳಿಯುತ್ತದೆ.

ಈ ಸ್ಥಿತಿ ಮೀಸಲಾತಿಯನ್ನು ಕೈಬಿಡಲು ಕಾರಣವಲ್ಲ, ಸರಿಯಾಗಿ ಹಂಚಲು ಕಾರಣ. ಸಮುದಾಯವಾರು ದತ್ತಾಂಶ ಪ್ರಕಟಣೆ, ವಸತಿ ಶಾಲೆ, ವಿದ್ಯಾರ್ಥಿವೇತನ, ಬ್ಯಾಕ್‌ಲಾಗ್ ಹುದ್ದೆಗಳ ಭರ್ತಿ ಜೊತೆಜೊತೆಗೆ ನಡೆಯಬೇಕು.

ನೆನಪಿಡಿ: 15(4), 16(4), 340, 341ನೇ ವಿಧಿಗಳು.