ಪಾರಿವಾಳದ ಬಾಲದ ಕೀಲು: ದೊಡ್ಡ ಪೆಟ್ಟಿಗೆಗೆ ಕೈಯಿಂದ ಕೊಯ್ಯುವ ಕ್ರಮ

ಎರಡು ಹಲಗೆಗಳನ್ನು ಮೂಲೆಯಲ್ಲಿ ಕೂಡಿಸಲು ಬಡಗಿಗೆ ಹಲವು ದಾರಿಗಳುಂಟು. ಮೊಳೆ ಹೊಡೆಯುವುದು ಅವುಗಳಲ್ಲಿ ಅತ್ಯಂತ ಸುಲಭವಾದದ್ದು. ಬಹುಕಾಲ ನಿಲ್ಲದಿರುವುದೂ ಅದೇ. ಮೊಳೆಯ ನೆರವಿಲ್ಲದೆ ಮರವೇ ಮರವನ್ನು ಹಿಡಿದುಕೊಳ್ಳುವ ಕೀಲುಗಳಲ್ಲಿ, ಇಂದಿನ ಬಡಗಿಗಳು ಡವ್‌ಟೇಲ್ ಎಂದು ಕರೆಯುವ ಪಾರಿವಾಳದ ಬಾಲದ ಕೀಲು ಮುಖ್ಯವಾದದ್ದು.

ನಮ್ಮವರ ಹಲವು ಮನೆಗಳಲ್ಲಿ ಊರಿನಿಂದ ಬಂದ ಸಾಗುವಾನಿಯ ದೊಡ್ಡ ಪೆಟ್ಟಿಗೆಗಳು ಇನ್ನೂ ಇವೆ. ವರ್ತಕ ನಗರದಲ್ಲಾಗಲಿ ಡೊಂಬಿವಲಿಯಲ್ಲಾಗಲಿ, ಹಳೆಯ ಕಟ್ಟಡವನ್ನು ಬಿಟ್ಟು ಹೊಸ ಫ್ಲ್ಯಾಟಿಗೆ ಹೋಗುವಾಗ ಮೊದಲು ಭಂಗಾರದವನ ಪಾಲಾಗುವುದು ಇಂಥ ಪೆಟ್ಟಿಗೆಯೇ. ಮೂಲೆ ಸಡಿಲವಾಯಿತು, ಇನ್ನು ಉಪಯೋಗವಿಲ್ಲ ಎಂಬುದು ಕಾರಣ. ಮರಾಠಿಯ ಭಂಗಾರಕ್ಕೂ ನಮ್ಮ ಬಂಗಾರಕ್ಕೂ ಇರುವ ಅಂತರ ಅಲ್ಪ. ಆ ಅಂತರವನ್ನು ಅರಿಯಬೇಕಾದರೆ ಕೀಲನ್ನು ಅರಿಯಬೇಕು. ಆದುದರಿಂದ ಹೊಸದನ್ನು ಮಾಡುವವರಿಗೂ ಹಳೆಯದನ್ನು ಉಳಿಸಿಕೊಳ್ಳುವವರಿಗೂ ಈ ಪಾಠ.

ಕೀಲಿನ ಗುಣ

ಒಂದು ಹಲಗೆಯ ಕೊನೆಯನ್ನು ಬೀಸಣಿಗೆಯಂತೆ ತುದಿಗೆ ಅಗಲವಾಗುವ 'ಬಾಲ'ಗಳಾಗಿ ಕೊಯ್ಯುತ್ತಾರೆ. ಇನ್ನೊಂದು ಹಲಗೆಯ ಕೊನೆಯಲ್ಲಿ, ಆ ಬಾಲಗಳ ನಡುವಣ ಸಂದುಗಳನ್ನು ತುಂಬುವ 'ಗೂಟ'ಗಳನ್ನು ಉಳಿಸುತ್ತಾರೆ. ಇಂಗ್ಲಿಷರಿಗೆ ಇದರಲ್ಲಿ ಪಾರಿವಾಳದ ಬಾಲ ಕಂಡಿತು. ಜರ್ಮನರಿಗೆ ಅಂಬರಗುಬ್ಬಿಯ ಬಾಲ. ಜಪಾನಿನ ಬಡಗಿಗಳು ಇದನ್ನು ಇರುವೆಯ ಹೆಸರಿನಿಂದ ಕರೆಯುತ್ತಾರೆ. ಪುರಾತನ ಈಜಿಪ್ಟಿನ ಗೋರಿಗಳಲ್ಲಿ ದೊರೆತ ಮರದ ಸಾಮಾನುಗಳಲ್ಲಿಯೂ ಈ ಕೀಲು ಇದೆ.

ಇದು ಒಂದೇ ದಿಕ್ಕಿನಲ್ಲಿ ಬಿಗಿಯಾಗಿ ಹಿಡಿಯುವ ಕೀಲು ಎಂಬುದನ್ನು ಮರೆಯಬಾರದು. ಬಾಲವುಳ್ಳ ಹಲಗೆಯನ್ನು ಅದರ ಉದ್ದಕ್ಕೆ ಎಷ್ಟು ಎಳೆದರೂ ಬಿಡದು. ಅಡ್ಡಲಾಗಿ ತಳ್ಳಿದರೆ, ಅಂಟು ಇಲ್ಲದಾಗ, ಬಂದ ದಾರಿಯಲ್ಲಿಯೇ ಹೊರಬರುತ್ತದೆ. ಆದ್ದರಿಂದ ಗರಗಸ ಹಿಡಿಯುವ ಮೊದಲು ಕೇಳಬೇಕಾದ ಪ್ರಶ್ನೆ: ಎಳೆತ ಯಾವ ಕಡೆಯಿಂದ? ಮೇಜಿನ ಡ್ರಾಯರಿನಲ್ಲಿ ಮುಂದಿನ ಹಲಗೆಯನ್ನು ಎಳೆಯುತ್ತೇವೆ. ಬಾಲಗಳು ಪಕ್ಕದ ಹಲಗೆಗಳಲ್ಲಿರಬೇಕು. ಗೋಡೆಗೆ ತೂಗುವ ಕಪಾಟಿನಲ್ಲಿ ಭಾರ ಕೆಳಕ್ಕೆ ಜಗ್ಗುತ್ತದೆ. ಬಾಲಗಳು ನಿಂತ ಹಲಗೆಗಳಲ್ಲಿರಬೇಕು. ದೊಡ್ಡ ಪೆಟ್ಟಿಗೆಯ ಹಿಡಿಕೆಗಳು ಎರಡು ಗಿಡ್ಡ ಪಕ್ಕಗಳಲ್ಲಿರುತ್ತವೆ. ಎತ್ತುವಾಗ ಆ ಪಕ್ಕಗಳು ಹೊರಕ್ಕೆ ಜಗ್ಗುವುದರಿಂದ ಬಾಲಗಳನ್ನು ಉದ್ದದ ಹಲಗೆಗಳಲ್ಲಿಯೂ ಗೂಟಗಳನ್ನು ಗಿಡ್ಡ ಹಲಗೆಗಳಲ್ಲಿಯೂ ಕೊಯ್ಯತಕ್ಕದ್ದು.

ಮರ ಮತ್ತು ಹವೆ

ಕಡಿದು ಒಣಗಿಸಿದ ಮೇಲೂ ಮರ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಬಿಟ್ಟು ಕುಗ್ಗುತ್ತದೆ. ಈ ಚಲನೆ ಹಲಗೆಯ ಅಗಲದಲ್ಲಿಯೇ ಹೊರತು ಉದ್ದದಲ್ಲಿ ಲೆಕ್ಕಕ್ಕಿಲ್ಲ. ಹಸಿ ಸಾಗುವಾನಿ ಪೂರ್ತಿ ಒಣಗುವಾಗ ವರ್ಷವಲಯದ ಜಾಡಿನಲ್ಲಿ ಸುಮಾರು ಶೇಕಡ 5.8, ತಿರುಳಿನಿಂದ ತೊಗಟೆಯ ಕಡೆಗೆ ಶೇಕಡ 2.5ರಷ್ಟು ಕುಗ್ಗುತ್ತದೆ. ಇತರ ಅನೇಕ ಮರಗಳಿಗೆ ಹೋಲಿಸಿದರೆ ಇದು ಕಡಮೆ. ಆದರೂ ಠಾಣೆಯ ಮಳೆಗಾಲದಲ್ಲಿ ಮರದ ತೇವ ಶೇಕಡ 4ರಷ್ಟು ಏರಿದರೆ, 18 ಅಂಗುಲ ಅಗಲದ ಹಲಗೆ ಸುಮಾರು ಒಂದು ನೂಲು, ಅಂದರೆ ಅಂಗುಲದ ಎಂಟನೆಯ ಒಂದು ಪಾಲು, ಹಿಗ್ಗಬಹುದು.

ಅಡ್ಡಪಟ್ಟಿ ಇಟ್ಟು ಮೊಳೆ ಜಡಿದ ಹಲಗೆ ಸೀಳುವುದು ಈ ಕಾರಣದಿಂದಲೇ. ಬಾಲದ ಕೀಲಿನಲ್ಲಿ ನಾಲ್ಕು ಹಲಗೆಗಳ ಎಳೆಯೂ ಪೆಟ್ಟಿಗೆಯ ಸುತ್ತ ಒಂದೇ ಸಾಲಿನಲ್ಲಿ ಹರಿಯುತ್ತದೆ. ನಾಲ್ಕೂ ಒಟ್ಟಿಗೆ ಹಿಗ್ಗುತ್ತವೆ, ಒಟ್ಟಿಗೆ ಕುಗ್ಗುತ್ತವೆ. ಕೀಲಿನ ದೀರ್ಘಾಯುಸ್ಸಿನ ಗುಟ್ಟು ಬಿಗಿತಕ್ಕಿಂತ ಹೆಚ್ಚಾಗಿ ಈ ಹೊಂದಾಣಿಕೆಯಲ್ಲಿದೆ. ತಳದ ಹಲಗೆಯನ್ನು ಮಾತ್ರ ಎಂದೂ ಅಂಟಿಸಬಾರದು. ಅದನ್ನು ತೋಡಿನಲ್ಲಿ ಸಡಿಲವಾಗಿ ಕೂರಿಸಿ ಹಿಗ್ಗಲು ಎಡೆ ಬಿಡಬೇಕು.

ಅಗಲ ಹಲಗೆ ಬಾಗುವುದೂ ಉಂಟು. ಮರದ ತಿರುಳಿನ ಕಡೆಯ ಮುಖವನ್ನು ಪೆಟ್ಟಿಗೆಯ ಹೊರಗಿಟ್ಟರೆ, ಬಾಗಿದಾಗ ಅಂಚುಗಳು ಒಳಕ್ಕೆ ಒತ್ತುತ್ತವೆ. ಮೂಲೆ ಬಾಯಿ ಬಿಡುವುದಿಲ್ಲ.

ಗುರುತು ಹಾಕುವುದು

ನಾಲ್ಕು ಅಡಿ ಉದ್ದ, ಎರಡು ಅಡಿ ಪಕ್ಕ, 18 ಅಂಗುಲ ಎತ್ತರ, ಆರು ನೂಲು ದಪ್ಪದ ಪೆಟ್ಟಿಗೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹಲಗೆಗಳ ಕೊನೆಗಳು ಮೂಲೆಮಟ್ಟಕ್ಕೆ ಸರಿಯಾಗಿರಬೇಕು. ಎಲ್ಲ ಕೊನೆಗಳಿಗೂ ಆರು ನೂಲು ಒಳಗೆ, ಚಾಕುವಿನಿಂದ ಬುಡಗೆರೆ ಎಳೆಯಿರಿ. ಮೂಲೆಗಳಿಗೆ 1ರಿಂದ 4ರವರೆಗೆ ಅಂಕೆ ಬರೆಯಿರಿ. ಕೈಯಲ್ಲಿ ಕೊಯ್ದ ಗೂಟಗಳು ತಮ್ಮ ಜೊತೆಯ ಬಾಲಗಳಿಗಲ್ಲದೆ ಬೇರೆಯವಕ್ಕೆ ಕೂಡುವುದಿಲ್ಲ.

ಗಿಡ್ಡ ಹಲಗೆಯ ಕೊನೆಯಲ್ಲಿ, ಹೊರಮುಖದ ಅಂಚಿನ ಮೇಲೆ, ಎರಡು ತುದಿಗಳಿಗೂ 3 ನೂಲಿನ ಅರೆಗೂಟ ಇಡಿ. ನಡುವೆ 3 ನೂಲಿನ ಆರು ಗೂಟಗಳು. ಉಳಿದ 15 ಅಂಗುಲದಲ್ಲಿ ಏಳು ಬಾಲಗಳಿಗೆ ಸ್ಥಳ: ಎರಡೂ ತುದಿಗಳ ಕಡೆ ಒಂದೂವರೆ ಅಂಗುಲದ ಎರಡೆರಡು, ನಡುವೆ ಮೂರು ಅಂಗುಲದ ಮೂರು. ಅಗಲ ಹಲಗೆ ಮೊದಲು ಬಿಡುವುದು ಅಂಚಿನಲ್ಲಿ. ಆದ್ದರಿಂದ ಕೀಲುಗಳು ಅಲ್ಲಿ ಹತ್ತಿರ ಹತ್ತಿರ ಇರಬೇಕು.

ಓರೆ ಎಷ್ಟು? ಮೆದು ಮರಕ್ಕೆ ಆರಕ್ಕೆ ಒಂದು, ಸಾಗುವಾನಿಯಂಥ ಗಟ್ಟಿ ಮರಕ್ಕೆ ಎಂಟಕ್ಕೆ ಒಂದು. ಹೆಚ್ಚು ಓರೆಯಾದರೆ ಬಾಲದ ಮೂಲೆಗಳು ಮುರಿಯುತ್ತವೆ, ಕಡಮೆಯಾದರೆ ಹಿಡಿತವಿಲ್ಲ. ಗೂಟಗಳು ಹೊರಮುಖದಲ್ಲಿ ಕಿರಿದಾಗಿ, ಒಳಮುಖದಲ್ಲಿ ಅಗಲವಾಗಿರಬೇಕು.

ಕೊಯ್ಯುವುದು

ಸಣ್ಣ ಡ್ರಾಯರುಗಳಿಗೆ ಬಾಲಗಳನ್ನು ಮೊದಲು ಕೊಯ್ಯುವವರು ಅನೇಕರು. ದೊಡ್ಡ ಪೆಟ್ಟಿಗೆಗೆ ಗೂಟಗಳನ್ನು ಮೊದಲು ಕೊಯ್ಯುವುದು ಅನುಕೂಲ. ನಾಲ್ಕು ಅಡಿಯ ಹಲಗೆಯನ್ನು, ಒಳಮುಖ ಮೇಲಾಗಿ, ಮೇಜಿನ ಮೇಲೆ ಮಲಗಿಸಬಹುದು. ಕೊಯ್ದ ಗಿಡ್ಡ ಹಲಗೆಯನ್ನು ಅದರ ಬುಡಗೆರೆಗೆ ಸರಿಯಾಗಿ ನಿಲ್ಲಿಸಿ, ಗೂಟಗಳ ಸುತ್ತ ಚಾಕುವಿನಿಂದ ಗೆರೆ ಎಳೆದರೆ ಬಾಲಗಳ ಗುರುತು ತಾನಾಗಿಯೇ ಮೂಡುತ್ತದೆ. ಅಳತೆಪಟ್ಟಿಗೆ ಇಲ್ಲಿ ಕೆಲಸವಿಲ್ಲ.

ಅಂಗುಲಕ್ಕೆ 14–15 ಹಲ್ಲುಗಳಿರುವ ತೆಳು ಗರಗಸ ಸಾಕು. ತೆಗೆದುಹಾಕುವ ಭಾಗದಲ್ಲಿಯೇ ಕೊಯ್ಯಬೇಕು, ಗೆರೆ ಉಳಿಯಬೇಕು. ಉದ್ದದ ಹಲಗೆಯನ್ನು ನಿಲ್ಲಿಸಿ ಮೇಜಿನ ಅಂಚಿಗೆ ಬಿಗಿದು, ಅದು ಅದುರದಂತೆ ಬುಡಗೆರೆಯ ಸಮೀಪ ಒಂದು ಅಡ್ಡಪಟ್ಟಿ ಕಟ್ಟಿ, ಮಣೆಯ ಮೇಲೆ ನಿಂತು ಕೊಯ್ಯಿರಿ.

ನಡುವಣ ಮರವನ್ನು ಕಂಬಿಗರಗಸದಿಂದ ತೆಗೆದು, ಉಳಿದುದನ್ನು ಉಳಿಯಿಂದ ಬುಡಗೆರೆಯವರೆಗೆ ಸವರಬೇಕು. ಅರ್ಧ ದಪ್ಪ ಒಂದು ಮುಖದಿಂದ, ಅರ್ಧ ಇನ್ನೊಂದರಿಂದ. ಒಂದೇ ಕಡೆಯಿಂದ ಹೊಡೆದರೆ ಹಿಂದಿನ ಎಳೆ ಕಿತ್ತು ಬರುತ್ತದೆ. ಸಾಗುವಾನಿಯಲ್ಲಿ ಮರಳಿನ ಅಂಶವಿರುವುದರಿಂದ ಉಳಿ ಬೇಗ ಮೊಂಡಾಗುತ್ತದೆ. ಆಗಾಗ ಸಾಣೆ ಹಿಡಿಯಬೇಕು. ಮೇಜಿನ ಕಾಲುಗಳ ಕೆಳಗೆ ಮಡಿಸಿದ ಗೋಣಿ ಹಾಕಿದರೆ ಕೆಳಗಿನ ಮನೆಯವರ ಮಧ್ಯಾಹ್ನದ ನಿದ್ದೆಯೂ ಉಳಿಯುತ್ತದೆ.

ಕೂಡಿಸುವುದು

ಅಂಟಿಲ್ಲದೆ ಅರ್ಧದವರೆಗೆ ಮಾತ್ರ ಕೂಡಿಸಿ ನೋಡಿ. ಉಜ್ಜಿ ಹೊಳೆಯುವ ಜಾಗಗಳೇ ಬಿಗಿಯಾದವು, ಅವನ್ನಷ್ಟೇ ಸವರಿ. ಮತ್ತೆ ಮತ್ತೆ ಪೂರ್ತಿ ಕೂಡಿಸಿ ಬಿಚ್ಚಿದರೆ ಕೀಲು ಸಡಿಲವಾಗುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಹಿಂದಿನವರು ಸರೇಸನ್ನು ಬಿಸಿಮಾಡಿ ಹಚ್ಚುತ್ತಿದ್ದರು. 1959ರಲ್ಲಿ ಮುಂಬಯಿಯಲ್ಲಿ ಆರಂಭವಾದ ಫೆವಿಕಾಲ್ ಬಂದ ಮೇಲೆ ಬಿಳಿ ಅಂಟೇ ರೂಢಿಯಾಯಿತು. ಸಾಗುವಾನಿಯ ಎಣ್ಣೆ ಅಂಟನ್ನು ತಡೆಯುವುದರಿಂದ, ಹಚ್ಚುವ ಸ್ವಲ್ಪ ಮೊದಲು ಸ್ಪಿರಿಟಿನಿಂದ ಒರೆಸಬೇಕು. ಬಿಳಿ ಅಂಟು ಕೆಲವೇ ನಿಮಿಷಗಳಲ್ಲಿ ಬಿಗಿಯತೊಡಗುತ್ತದೆ. ದೊಡ್ಡ ಪೆಟ್ಟಿಗೆಗೆ ಇಬ್ಬರು ಇರುವುದು ಒಳ್ಳೆಯದು. ಬಿಗಿದ ಕೂಡಲೇ ಎರಡು ಕರ್ಣಗಳನ್ನು ಅಳೆಯಿರಿ. ಸಮವಾಗಿದ್ದರೆ ಪೆಟ್ಟಿಗೆ ಮಟ್ಟಸವಾಗಿದೆ.

ಹಳೆಯ ಪೆಟ್ಟಿಗೆ ಇದ್ದವರಿಗೆ

ಮೂಲೆಯನ್ನು ಬೆಳಕಿನಲ್ಲಿ ನೋಡಿರಿ. ಬಾಲಗಳ ಅಗಲ ಒಂದರಂತೆ ಒಂದಿಲ್ಲದೆ, ಗೂಟಗಳು ಕಿರಿದಾಗಿ, ಬುಡದಲ್ಲಿ ಸಣ್ಣ ಗೀರುಗೆರೆ ಕಂಡರೆ ಅದು ಕೈಯಲ್ಲಿ ಕೊಯ್ದ ಕೀಲೆಂದು ಬಹುಮಟ್ಟಿಗೆ ಹೇಳಬಹುದು. ಎಲ್ಲವೂ ಸಮವಾಗಿದ್ದರೆ ಅದು ಯಂತ್ರದ ಕೆಲಸವಿರಬಹುದು. ಸಡಿಲವಾದ ಮೂಲೆಯಲ್ಲಿ ಹಲವು ಸಲ ಕೆಟ್ಟಿರುವುದು ಮರವಲ್ಲ, ಒಣಗಿದ ಸರೇಸು. ಬಿಸಿನೀರಿನ ಬಟ್ಟೆಯಿಂದ ಅದು ಮೆತ್ತಗಾಗುತ್ತದೆ. ಕೀಲನ್ನು ಮೆಲ್ಲನೆ ಬಿಚ್ಚಿ, ಒರೆಸಿ, ಹೊಸ ಸರೇಸು ಹಚ್ಚಿ ಬಿಗಿದರೆ ಮತ್ತೆ ನಿಲ್ಲುತ್ತದೆ. ಹಳೆಯ ಸರೇಸಿನ ಮೇಲೆ ಬಿಳಿ ಅಂಟು ಸರಿಯಾಗಿ ಕಚ್ಚುವುದಿಲ್ಲ. ಮೊಳೆಯನ್ನಂತೂ ಹೊಡೆಯಲೇಬಾರದು, ಅದು ಬಾಲವನ್ನು ಸೀಳುತ್ತದೆ, ಮಳೆಗಾಲದಲ್ಲಿ ತುಕ್ಕು ಹಿಡಿದು ಮರವನ್ನೂ ಕೆಡಿಸುತ್ತದೆ.

ಕೈಯಿಂದ ಇಂಥ ಕೀಲು ಕೊಯ್ಯುವ ಬಡಗಿಗಳು ಈಗ ವಿರಳ. ಪೆಟ್ಟಿಗೆ ಹೊರಗೆ ಹೋದರೆ ಅವರ ಕೆಲಸವನ್ನು ನೋಡಿ ಕಲಿಯುವ ಮಾದರಿಯೂ ಹೋಗುತ್ತದೆ. ಆದುದರಿಂದ ಭಂಗಾರದವನನ್ನು ಕರೆಯುವ ಮೊದಲು ಒಂದು ಸಲ ಮೂಲೆಯನ್ನು ಪರೀಕ್ಷಿಸಿ ನೋಡುವುದು ಉಚಿತ.