ಇನ್‌ಸ್ಪೈರ್ ಅವಾರ್ಡ್‌ಗೆ ಪ್ರಬಂಧ ಕಳಿಸಬೇಡಿ, ಐಡಿಯಾ ಕಳಿಸಿ

ಶಾಲೆ ತೆರೆದು ಕೆಲವು ವಾರ ಕಳೆಯುವಷ್ಟರಲ್ಲಿ ಮುಖ್ಯೋಪಾಧ್ಯಾಯರ ವಾಟ್ಸ್‌ಆ್ಯಪ್ ಗ್ರೂಪಿಗೆ ಸಂದೇಶ ಬರುತ್ತದೆ: ‘ಇನ್‌ಸ್ಪೈರ್ ಅವಾರ್ಡ್ ನಾಮಿನೇಷನ್ ಕಡ್ಡಾಯ.’ ವಿಜ್ಞಾನ ಶಿಕ್ಷಕರ ತಲೆಬಿಸಿ ಅಲ್ಲಿಂದ ಶುರು. ಕೊನೆಯ ದಿನ ಹತ್ತಿರ ಬಂದಾಗ ನಾಲ್ಕೈದು ಚುರುಕು ಮಕ್ಕಳನ್ನು ಸ್ಟಾಫ್ ರೂಮಿಗೆ ಕರೆದು, ಯೂಟ್ಯೂಬ್‌ನಲ್ಲಿ ಕಂಡ ನಾಲ್ಕೈದು ಮಾಡೆಲ್‌ಗಳ ಹೆಸರು ಹಂಚಿ, ಪೋರ್ಟಲ್‌ಗೆ ತುಂಬಿ ಕೈತೊಳೆದುಕೊಳ್ಳುವುದು ಬಹಳ ಕಡೆ ನಡೆದುಬಂದ ಪದ್ಧತಿ. ಆಯ್ಕೆಯಾಗದಿದ್ದರೆ ‘ಹಳ್ಳಿ ಶಾಲೆಯವರನ್ನು ಯಾರು ಕೇಳ್ತಾರೆ ಬಿಡಿ’ ಅನ್ನುವ ಮಾತು ಇದ್ದೇ ಇದೆ. ಅಂಥ ಅರ್ಜಿಗಳನ್ನು ಓದಿದವನಾಗಿ ಹೇಳುತ್ತೇನೆ, ಅವು ಮುಗ್ಗರಿಸುವುದು ಬರೆದ ಆ ಅರ್ಧ ಪುಟದಲ್ಲೇ.

ಯೋಜನೆಯ ಬಗ್ಗೆ ಎರಡೇ ಮಾತು. ‘ಇನ್‌ಸ್ಪೈರ್ ಅವಾರ್ಡ್ಸ್–ಮಾನಕ್’ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯದು. ಜೊತೆಯಲ್ಲಿ ನಿಂತು ನಡೆಸುವುದು ಗಾಂಧಿನಗರದ ನ್ಯಾಷನಲ್ ಇನ್ನೋವೇಷನ್ ಫೌಂಡೇಷನ್. ಮೊದಲು 6ರಿಂದ 10ನೇ ತರಗತಿಯವರಿಗೆ ಮಾತ್ರ ಇತ್ತು, ಈಚೆಗೆ ಪಿಯುಸಿ ಮಕ್ಕಳಿಗೂ ತೆರೆದಿದೆ. ದೇಶದ ಎಲ್ಲ ಶಾಲೆಗಳಿಂದ ಬಂದ ಐಡಿಯಾಗಳಲ್ಲಿ ಒಂದು ಲಕ್ಷದವರೆಗೆ ಆಯ್ದು, ಮಾಡೆಲ್ ತಯಾರಿಸಲು ತಲಾ 10,000 ರೂಪಾಯಿ ಖಾತೆಗೆ ಹಾಕುತ್ತಾರೆ. ಜಿಲ್ಲಾ ಪ್ರದರ್ಶನ ದಾಟಿ ರಾಜ್ಯಮಟ್ಟಕ್ಕೆ ಹೋಗುವವು 10,000, ರಾಷ್ಟ್ರಮಟ್ಟಕ್ಕೆ 1,000, ಕೊನೆಗೆ ಉಳಿಯುವವು 60. ಇದು ಯೋಜನೆಯ ಲೆಕ್ಕಾಚಾರ. ಪೋರ್ಟಲ್ ನೋಂದಣಿ ಶಿಕ್ಷಕರಿಗೆ ಗೊತ್ತೇ ಇರುತ್ತದೆ, ಅದನ್ನಿಲ್ಲಿ ಬರೆಯುವುದಿಲ್ಲ.

ಮೊದಲ ಕೆಲಸ, ‘ಐಡಿಯಾ ಕೊಡಿ’ ಎಂದು ಮಕ್ಕಳನ್ನು ಕೇಳುವುದನ್ನು ಬಿಡುವುದು. ಹಾಗೆ ಕೇಳಿದರೆ ಅವರು ಮೊಬೈಲ್ ನೋಡುತ್ತಾರೆ. ಅದರ ಬದಲು ಒಂದು ವಾರ ಮನೆ, ಹೊಲ, ಬಸ್‌ಸ್ಟ್ಯಾಂಡು, ಅಂಗಡಿಯಲ್ಲಿ ದೊಡ್ಡವರು ಯಾವುದಕ್ಕೆ ಗೊಣಗುತ್ತಾರೆ ಎಂದು ಬರೆದುಕೊಂಡು ಬರಲು ಹೇಳಿ. ಅಜ್ಜಿಗೆ ಮಾತ್ರೆಯ ಪಟ್ಟಿ ಒಡೆಯಲು ಆಗುವುದಿಲ್ಲ, ಅಪ್ಪನಿಗೆ ರಾತ್ರಿ ಪಂಪ್‌ಸೆಟ್ ಹತ್ತಿರ ಹೋಗಲು ಹಾವಿನ ಭಯ, ಹೂ ಕಟ್ಟುವ ಅಮ್ಮನ ಬೆರಳು ನೂಲಿನಿಂದ ಸೀಳಿದೆ. ಇಂಥ ಗೊಣಗಾಟದ ಪಟ್ಟಿ ತಂದರೆ ಅರ್ಧ ಕೆಲಸ ಮುಗಿದಂತೆ. ‘ಓದಿನಲ್ಲಿ ಮುಂದಿರುವವರು’ ಎಂದು ಮೊದಲೇ ಆರಿಸಿಬಿಟ್ಟರೆ ಈ ಪಟ್ಟಿ ಹುಟ್ಟುವುದೇ ಇಲ್ಲ. ನಾನು ಕಂಡಂತೆ, ಶಾಲೆ ಬಿಟ್ಟ ಮೇಲೆ ಅಪ್ಪನ ಗ್ಯಾರೇಜಿನಲ್ಲೋ ಕೊಟ್ಟಿಗೆಯಲ್ಲೋ ಕೆಲಸ ಮಾಡುವ ಹಿಂದಿನ ಬೆಂಚಿನ ಹುಡುಗನ ಪಟ್ಟಿ ಎಲ್ಲರದಕ್ಕಿಂತ ಉದ್ದ.

ಎರಡನೆಯದು, ಈಗಾಗಲೇ ಇದೆಯೇ ಎಂದು ಹುಡುಕುವುದು. ಅಂಧರಿಗೆ ಸ್ಮಾರ್ಟ್ ಕೋಲು ಪ್ರತಿವರ್ಷದ ಮಾಮೂಲು ಅತಿಥಿ: ಒಂದು ಆರ್ಡಿನೊ, ಒಂದು ಅಲ್ಟ್ರಾಸಾನಿಕ್ ಸೆನ್ಸರ್, ಒಂದು ಬಜರ್. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಇಷ್ಟನ್ನೂ ಒಂದೇ ಸುತ್ತಿನಲ್ಲಿ ಕೊಂಡು ಬರಬಹುದು. ಆದರೆ ಐಐಟಿ ದೆಹಲಿಯಲ್ಲಿ ರೂಪುಗೊಂಡ ‘ಸ್ಮಾರ್ಟ್‌ಕೇನ್’ 2014ರಲ್ಲೇ ಬಳಕೆಗೆ ಬಂದಿದೆ. ಹೆಜ್ಜೆ ಇಟ್ಟರೆ ಕರೆಂಟು ಬರುವ ನೆಲಹಾಸು, ಮಳೆ ಬಂದರೆ ತಾನೇ ಮುಚ್ಚುವ ಕಣ, ಹೆಲ್ಮೆಟ್ ಹಾಕದಿದ್ದರೆ ಸ್ಟಾರ್ಟ್ ಆಗದ ಬೈಕು, ಇವೆಲ್ಲ ಅದೇ ಸಾಲಿನವು. ಗೂಗಲ್ ಪೇಟೆಂಟ್ಸ್ ಮತ್ತು ಭಾರತದ ಪೇಟೆಂಟ್ ಕಚೇರಿಯ ‘ಇನ್‌ಪಾಸ್’ ಹುಡುಕಾಟ ಎರಡೂ ಉಚಿತ. ಅದಷ್ಟು ಆಗದಿದ್ದರೆ ಯೂಟ್ಯೂಬ್‌ನಲ್ಲೇ ಇಂಗ್ಲಿಷ್, ಹಿಂದಿ, ಕನ್ನಡ ಮೂರರಲ್ಲೂ ಹುಡುಕಿ; ಹತ್ತು ವಿಡಿಯೊ ಸಿಕ್ಕರೆ ಆ ಐಡಿಯಾ ಕೈಬಿಡಿ. ಕೋಲಿನ ಬಗ್ಗೆಯೇ ಮಾಡಬೇಕೆನ್ನುವ ಮಗುವಿಗೆ ಹೇಳಿ: ಊರಿನಲ್ಲಿ ಕಣ್ಣು ಕಾಣದವರೊಬ್ಬರ ಜೊತೆ ಅರ್ಧ ದಿನ ಓಡಾಡಿ ಬಾ, ಈಗಿನ ಕೋಲು ಅವರಿಗೆ ಎಲ್ಲಿ ಕೈಕೊಡುತ್ತದೆ ನೋಡು.

ಮೂರನೆಯದು ಬರವಣಿಗೆ. ಜಾಗವೆಲ್ಲ ಇದಕ್ಕೇ ಹೋದರೂ ಚಿಂತೆಯಿಲ್ಲ, ಏಕೆಂದರೆ ಒಳ್ಳೆಯ ಐಡಿಯಾಗಳೂ ಸಾಯುವುದು ಇಲ್ಲೇ. ನಮ್ಮ ಮಕ್ಕಳಿಗೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಪ್ರಬಂಧ ಬರೆಸಿ ಬರೆಸಿ ಕೈ ಹಾಗೇ ಪಳಗಿಬಿಟ್ಟಿದೆ. ಮಧ್ಯಾಹ್ನದ ಬಿಸಿಯೂಟದ ಅಡುಗೆಮನೆ ನೋಡಿ ಬಂದ ಹುಡುಗಿಯ ಬರಹ ಸಾಮಾನ್ಯವಾಗಿ ಹೀಗಿರುತ್ತದೆ:

‘ಭಾರತವು ಕೃಷಿ ಪ್ರಧಾನ ದೇಶ. ಇಂದಿನ ಆಧುನಿಕ ಯುಗದಲ್ಲಿ ವಿಜ್ಞಾನವು ಬಹಳ ಮುಂದುವರಿದಿದೆ. ಅಡುಗೆಯವರು ತುಂಬಾ ಕಷ್ಟಪಡುತ್ತಾರೆ. ಅವರಿಗಾಗಿ ನಾನು ಸ್ಮಾರ್ಟ್ ಮಲ್ಟಿಪರ್ಪಸ್ ಕಿಚನ್ ಯಂತ್ರವನ್ನು ತಯಾರಿಸುತ್ತೇನೆ. ಇದರಿಂದ ದೇಶದ ಪ್ರಗತಿಯಾಗುತ್ತದೆ.’

ಯಂತ್ರ ಏನು ಮಾಡುತ್ತದೆ? ಕಷ್ಟ ಯಾವುದು? ಒಂದಕ್ಕೂ ಉತ್ತರವಿಲ್ಲ. ಅದೇ ಹುಡುಗಿಯನ್ನು ಕೂರಿಸಿಕೊಂಡು, ನೀನು ಕಂಡದ್ದು ಹೇಳಮ್ಮ ಎಂದರೆ ಬರುವುದು ಇದು:

‘ನಮ್ಮ ಶಾಲೆಯಲ್ಲಿ 6ರಿಂದ 8ನೇ ತರಗತಿಯ 100 ಮಕ್ಕಳಿಗೆ 15 ಕಿಲೊ ಅಕ್ಕಿಯ ಅನ್ನ ಮಾಡುತ್ತಾರೆ. ಗಂಜಿ ಬಸಿಯಲು ಇಬ್ಬರು ಬಟ್ಟೆ ಹಿಡಿದು ಪಾತ್ರೆ ಎತ್ತಿ ಬಗ್ಗಿಸುತ್ತಾರೆ. ಆವಿ ಮುಖಕ್ಕೆ ಹೊಡೆಯುತ್ತದೆ. ಒಬ್ಬರು ಬರದ ದಿನ ಬಸಿಯುವುದೇ ಕಷ್ಟ. ಪಾತ್ರೆಯನ್ನು ಎತ್ತದೆ ಇದ್ದಲ್ಲೇ ವಾಲಿಸುವ ಕಬ್ಬಿಣದ ಸ್ಟ್ಯಾಂಡ್ ನನ್ನ ಐಡಿಯಾ. ಇದು ಒಲೆಯ ಸುತ್ತ ನಿಲ್ಲುತ್ತದೆ. ಪಾತ್ರೆಯ ಕಂಠದ ಹತ್ತಿರ ಎರಡು ಕಡೆ ತಿರುಗಣಿ, ಬದಿಗೆ ಉದ್ದದ ಹಿಡಿ. ಭಾರ ತಿರುಗಣಿಗಿಂತ ಕೆಳಗಿರುವುದರಿಂದ ಕೈ ಬಿಟ್ಟರೂ ಪಾತ್ರೆ ತಾನೇ ನೆಟ್ಟಗಾಗುತ್ತದೆ. ದೊಡ್ಡ ಹಾಸ್ಟೆಲ್‌ಗಳಲ್ಲಿ ವಾಲುವ ಬಾಯ್ಲರ್ ಇದೆ, ಆದರೆ ಅದನ್ನು ಪೂರ್ತಿ ಹೊಸದಾಗಿ ಕೊಳ್ಳಬೇಕು. ಇದಕ್ಕೆ ಶಾಲೆಯಲ್ಲಿರುವ ಪಾತ್ರೆಯೇ ಸಾಕು.’

(ಇದು ಅಚ್ಚಾಗಿಹೋಯಿತು. ದಯವಿಟ್ಟು ಇದನ್ನೇ ನಕಲು ಮಾಡಿ ಕಳಿಸಬೇಡಿ.)

15 ಕಿಲೊ ಎಲ್ಲಿಂದ ಬಂತು? ಹಿರಿಯ ಪ್ರಾಥಮಿಕ ಮಗುವಿಗೆ ದಿನಕ್ಕೆ 150 ಗ್ರಾಂ ಧಾನ್ಯ ಎಂಬುದು ಬಿಸಿಯೂಟದ ನಿಯಮ. ಅದನ್ನು ನೂರರಿಂದ ಗುಣಿಸಿದ್ದಾಳೆ, ಅಷ್ಟೆ. ಬೇಕಿರುವುದು ಇಂಥ ಒಂದು ಲೆಕ್ಕ. ‘ತುಂಬಾ’, ‘ಬಹಳ’, ‘ಅತ್ಯಂತ’ ಎಂದು ಬರೆದ ಕಡೆಯೆಲ್ಲ ಒಂದು ಅಳತೆ ಹಾಕಲು ಮಗುವಿಗೆ ಹೇಳಿ: ಎಷ್ಟು ಕಿಲೊ, ಎಷ್ಟು ನಿಮಿಷ, ಎಷ್ಟು ಜನ. ಕೊನೆಯ ಎರಡು ವಾಕ್ಯಗಳನ್ನೂ ಗಮನಿಸಿ. ಬೇರೆಯದು ಇದೆ ಎಂದು ಅವಳೇ ಒಪ್ಪಿಕೊಂಡು, ತನ್ನದು ಹೇಗೆ ಬೇರೆ ಎಂದು ಹೇಳಿದ್ದಾಳೆ. ಪರಿಶೀಲಿಸುವವರು ನೋಡುವುದು ಹೊಸತನ, ಜನರಿಗೆ ಉಪಯೋಗ, ಪರಿಸರಕ್ಕೆ ಹಾನಿಯಿಲ್ಲದಿರುವುದು, ಬಳಸಲು ಸುಲಭವಾಗಿರುವುದು, ಈಗಿರುವುದಕ್ಕಿಂತ ಮೇಲಾಗಿರುವುದು. ಐದನೆಯದನ್ನು ನಮ್ಮ ಅರ್ಜಿಗಳಲ್ಲಿ ಮುಟ್ಟುವವರೇ ಕಡಿಮೆ. ಬೇರೆಯದು ಇದೆ ಎಂದರೆ ತಮ್ಮದು ಬಿದ್ದುಹೋಗುತ್ತದೆ ಎಂಬ ಹೆದರಿಕೆ.

ಶೀರ್ಷಿಕೆಯಲ್ಲಿ ‘ಸ್ಮಾರ್ಟ್’, ‘ಎಐ ಆಧಾರಿತ’, ‘ಮಲ್ಟಿಪರ್ಪಸ್’ ಬೇಡ. ‘ಗಂಜಿ ಬಸಿಯುವ ಸ್ಟ್ಯಾಂಡ್’ ಎಂದರೆ ಸಾಕು, ಓದುವವರಿಗೆ ವಸ್ತು ಕಣ್ಣಿಗೆ ಕಟ್ಟುತ್ತದೆ. ಇಂಗ್ಲಿಷಿನಲ್ಲೇ ಇರಬೇಕೆಂದೂ ಇಲ್ಲ, ಕನ್ನಡದಲ್ಲೇ ಬರೆಯಬಹುದು. ಗೊತ್ತಿಲ್ಲದ ಇಂಗ್ಲಿಷಿಗೆ ಹೊರಳಿಸಲು ಹೋಗಿ ಮಗು ಕಂಡದ್ದೆಲ್ಲ ಕಳೆದುಹೋಗುವುದಕ್ಕಿಂತ ಅದೇ ಒಳ್ಳೆಯದು. ಈಗ ಚಾಟ್‌ಜಿಪಿಟಿಯಿಂದ ಬರೆಸುವ ಹೊಸ ಚಾಳಿ ಶುರುವಾಗಿದೆ. ಒಂದೇ ಶಾಲೆಯ ಐದೂ ಅರ್ಜಿಗಳು ಒಂದೇ ಧಾಟಿಯಲ್ಲಿ ‘ನವೀನ ಹಾಗೂ ಸುಸ್ಥಿರ ಪರಿಹಾರ’ ಎಂದರೆ ಮೇಲೆ ಕೂತವರಿಗೆ ತಿಳಿಯುವುದಿಲ್ಲವೇ? ಶಿಕ್ಷಕರು ತಾವೇ ಬರೆದುಕೊಡುವುದೂ ಅಷ್ಟೇ ಕೆಟ್ಟದ್ದು. ಜಿಲ್ಲಾ ಪ್ರದರ್ಶನದಲ್ಲಿ ‘ತಿರುಗಣಿ ಇನ್ನೂ ಕೆಳಗಿದ್ದರೆ ಏನಾಗುತ್ತಿತ್ತು?’ ಎಂದು ಕೇಳಿದಾಗ ಉತ್ತರಿಸಬೇಕಾದವಳು ಆ ಹುಡುಗಿ.

ಚಿತ್ರ: ಪೆನ್ಸಿಲಿನಲ್ಲಿ ಬಿಳಿ ಹಾಳೆಯ ಮೇಲೆ, ಭಾಗಗಳ ಹೆಸರು ಮತ್ತು ಅಳತೆ ಸಹಿತ. ಒಂದು ಬದಿಯಿಂದ, ಒಂದು ಮೇಲಿನಿಂದ. ಹಗಲು ಬೆಳಕಿನಲ್ಲಿ ನೇರವಾಗಿ ಫೋಟೊ ತೆಗೆಯಿರಿ. ನೆಟ್‌ನಿಂದ ಇಳಿಸಿದ ಚಿತ್ರ ಹಾಕಿದರೆ ಐಡಿಯಾವೂ ಅಲ್ಲಿಂದಲೇ ಬಂತೆಂದು ಅನುಮಾನ.

ಆಯ್ಕೆಯಾದರೆ: ಥರ್ಮಾಕೋಲ್ ಮಾಡೆಲ್ ಬೇಡ, ಚಿಕ್ಕದಾದರೂ ಕೆಲಸ ಮಾಡುವಂಥದ್ದಿರಲಿ. ವೆಲ್ಡಿಂಗ್ ಅಂಗಡಿಯವರ ಸಹಾಯ ಪಡೆಯಬಹುದು, ಪಕ್ಕದಲ್ಲಿ ಮಗು ನಿಂತಿರಲಿ. ಬಿಲ್ಲುಗಳನ್ನು ಇಟ್ಟುಕೊಳ್ಳಿ. ಪ್ರದರ್ಶನಕ್ಕೆ ಮೊದಲು ಅಡುಗೆಯವರ ಕೈಗೇ ಕೊಟ್ಟು ಬಳಸಿ ನೋಡಿ, ಅವರು ತೆಗೆದ ತಪ್ಪುಗಳನ್ನೂ ಚಾರ್ಟಿನಲ್ಲಿ ಬರೆಯಿರಿ. ಇನ್ನೊಂದು, ನಾಮಿನೇಷನ್‌ಗೆ ಮೊದಲೇ ಬ್ಯಾಂಕಿಗೆ ಹೋಗಿ ಬನ್ನಿ. ಆಧಾರ್‌ನಲ್ಲಿ, ಪಾಸ್‌ಬುಕ್‌ನಲ್ಲಿ, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹೆಸರಿನ ಇನಿಷಿಯಲ್ ಒಂದೇ ಥರ ಇದೆಯೇ ನೋಡಿ. ವಿದ್ಯಾರ್ಥಿವೇತನಕ್ಕೆಂದು ಎಂದೋ ತೆರೆದ ಖಾತೆ ನಿಷ್ಕ್ರಿಯವಾಗಿದ್ದರೆ ಕೆವೈಸಿ ಕೊಟ್ಟು ಚಾಲೂ ಮಾಡಿಸಿ.