ನನ್ನ ಚೀಟಿ ನಾನೇ ಓದತೀನಿ



ಈ ಪಾಠವನ್ನು ನಿಧಾನವಾಗಿ ಓದಿರಿ. ಓದಲು ಬಾರದವರಿಗೆ ಓದಿ ಹೇಳಿರಿ. ಇದರಲ್ಲಿ ಅಕ್ಕಲಕೋಟ ಭಾಗದ ಒಬ್ಬ ಅಕ್ಕ ಬರುತ್ತಾಳೆ. ಆಕೆಯ ಹೆಸರು ಹೇಳುವುದಿಲ್ಲ, ಊರೂ ಹೇಳುವುದಿಲ್ಲ. ಯಾಕೆ ಎಂಬುದು ಪಾಠ ಮುಗಿಯುವುದರೊಳಗೆ ನಿಮಗೇ ತಿಳಿಯುತ್ತದೆ.

ಅಕ್ಕನ ಗಂಡ ಲಾರಿ ಓಡಿಸುತ್ತಿದ್ದ. ಜಡ್ಡು ಬಂದು ತೀರಿಕೊಂಡ. ಕೆಲವು ತಿಂಗಳಲ್ಲಿ ಅಕ್ಕನಿಗೂ ಜ್ವರ ಹತ್ತಿತು. ಸರಕಾರಿ ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಎಚ್.ಐ.ವಿ. ಇದೆ ಎಂದು ತಿಳಿಯಿತು. ಗುಳಿಗೆ ಕೊಟ್ಟರು. ಮತ್ತೆ ಯಾವಾಗ ಬರಬೇಕು ಎಂದು ಚೀಟಿಯಲ್ಲಿ ತಾರೀಖು ಬರೆದರು.

ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ಬಾಜೂ ಮನೆಯ ಹುಡುಗನಿಗೆ ಚೀಟಿ ತೋರಿಸಿದಳು. ಹುಡುಗ ತಾರೀಖನ್ನೂ ಓದಿದ, ಉಳಿದದ್ದನ್ನೂ ಓದಿದ. ಮೂರು ದಿನದಲ್ಲಿ ಓಣಿಗೆಲ್ಲ ಸುದ್ದಿ ಆಯಿತು. ಬೋರಿನ ಹತ್ತಿರ ಹೋದರೆ, "ನಿನ್ನ ಕೊಡ ಆಕಡಿ ಇಡವಾ" ಅಂದರು.

ಅಕ್ಕ ನಾಚಿಕೆಯಿಂದ ಮನೆ ಹಿಡಿದಳು. ಮುಂದಿನ ತಾರೀಖಿಗೆ ಹೋಗಲಿಲ್ಲ. ಗುಳಿಗೆ ನಿಂತವು. ಮತ್ತೆ ಜ್ವರ, ಮತ್ತೆ ನಿಶ್ಶಕ್ತಿ.

ಒಂದು ಸಂಜೆ ಆಕೆ ನಮ್ಮ ಕೇಂದ್ರಕ್ಕೆ ಬಂದಳು. ಎಲ್ಲರಿಗಿಂತ ಹಿಂದೆ ಕೂತಳು. ಎಲ್ಲರೂ ಎದ್ದು ಹೋದ ಮೇಲೆ ಮೆಲ್ಲಗೆ ಕೇಳಿದಳು: "ಬಾಯಾರ, ನನಗ ಇಡೀ ಪುಸ್ತಕ ಓದೂದು ಬ್ಯಾಡ. ತಾರೀಖ ಓದಾಕ ಬಂದ್ರ ಸಾಕ."

ಅಂದಿನಿಂದ ನಾವು ಅಂಕಿಗಳಿಂದ ಸುರು ಮಾಡಿದೆವು. ಆಕೆಯ ಜೊತೆ ನಾನೂ ಕಲಿತ ಸಂಗತಿಗಳು ಇವು.

ಪರೀಕ್ಷೆ ಎಲ್ಲಿ?

ಸರಕಾರಿ ಆಸ್ಪತ್ರೆಗಳಲ್ಲಿ ಐ.ಸಿ.ಟಿ.ಸಿ. ಎಂಬ ಕೇಂದ್ರ ಇರುತ್ತದೆ. ಅಲ್ಲಿ ಪರೀಕ್ಷೆಗೆ ದುಡ್ಡು ಇಲ್ಲ. ಪರೀಕ್ಷೆಯ ಮೊದಲೂ ನಂತರವೂ ಸಮಾಲೋಚಕರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡುತ್ತಾರೆ. ಎಲ್ಲಿ ಹೋಗಬೇಕೆಂದು ತಿಳಿಯದಿದ್ದರೆ 1097 ಸಂಖ್ಯೆಗೆ ಫೋನ್ ಮಾಡಿರಿ. ಈ ಫೋನಿಗೂ ದುಡ್ಡು ಬೀಳುವುದಿಲ್ಲ.

ಔಷಧ ಎಲ್ಲಿ?

ಎ.ಆರ್.ಟಿ. ಕೇಂದ್ರದಲ್ಲಿ ಗುಳಿಗೆ ಪುಕ್ಕಟೆ ಸಿಗುತ್ತವೆ. ನಮ್ಮ ಜಿಲ್ಲೆಯವರಿಗೆ ಸೋಲಾಪುರದ ಸಿವ್ಹಿಲ್ ಆಸ್ಪತ್ರೆಯಲ್ಲಿ ಈ ಕೇಂದ್ರವಿದೆ. ನಮ್ಮ ದೇಶದಲ್ಲಿ ಸರಕಾರ ಈ ಔಷಧವನ್ನು ಪುಕ್ಕಟೆ ಕೊಡಲು ಸುರು ಮಾಡಿದ್ದು 2004ರಲ್ಲಿ. ಮೊದಲು ಜಡ್ಡು ಬಲಿತ ಮೇಲೆ ಮಾತ್ರ ಕೊಡುತ್ತಿದ್ದರು. 2017ರಿಂದ, ಸೋಂಕು ಇದೆ ಎಂದು ಗೊತ್ತಾದ ಎಲ್ಲರಿಗೂ ಕೊಡುತ್ತಾರೆ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಗುಳಿಗೆ.

ಈ ಗುಳಿಗೆ ರೋಗಾಣುವನ್ನು ಪೂರ್ತಿ ಕೊಲ್ಲುವುದಿಲ್ಲ, ಬೆಳೆಯದಂತೆ ಹಿಡಿದಿಡುತ್ತದೆ. ಆದ್ದರಿಂದ ಜೀವನಪೂರ್ತಿ ನುಂಗಬೇಕು. ನಡುವೆ ಬಿಟ್ಟರೆ ರೋಗಾಣು ಮತ್ತೆ ಹೆಚ್ಚುತ್ತದೆ. ಆಗಾಗ ಬಿಟ್ಟು ನುಂಗಿದರೆ ಔಷಧಕ್ಕೇ ಬಗ್ಗದಂತೆ ಆಗಬಹುದು. ಹಾಗಂತ ಒಮ್ಮೆ ಬಿಟ್ಟವರು ಹೆದರಿ ಕೂರಬಾರದು. ತಿರುಗಿ ಹೋಗಬೇಕು. ಕಬ್ಬು ಕಡಿಯಲಿಕ್ಕೆ, ಕೂಲಿಗೆ ಬೇರೆ ಕಡೆ ಹೋಗುವವರು ಮೊದಲೇ ಕೇಂದ್ರದಲ್ಲಿ ಹೇಳಬೇಕು. ಹೋದ ಊರಿನ ಹತ್ತಿರದ ಕೇಂದ್ರಕ್ಕೆ, ವಿಜಯಪುರ ಕಲಬುರಗಿಗಾದರೂ ಸರಿ, ಕಾಗದ ಬರೆದು ಕೊಡುತ್ತಾರೆ.

ರಕ್ತದಲ್ಲಿ ರೋಗಾಣು ಎಷ್ಟಿದೆ ಎಂದು ನೋಡುವ ಪರೀಕ್ಷೆಗೆ ವೈರಲ್ ಲೋಡ್ ಎನ್ನುತ್ತಾರೆ. ದಿನಾ ಗುಳಿಗೆ ನುಂಗಿ, ಆ ಪರೀಕ್ಷೆಯಲ್ಲಿ ರೋಗಾಣು ಕಾಣದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ, ಗಂಡ ಹೆಂಡಿರ ಕೂಡಿಕೆಯಿಂದ ಸೋಂಕು ಹರಡುವುದಿಲ್ಲ.

ಬಸುರಿಗೆ ಸೋಂಕು ಇದ್ದರೆ?

ಚಿಕಿತ್ಸೆ ಇಲ್ಲದಿದ್ದರೆ 100 ತಾಯಂದಿರಲ್ಲಿ 15ರಿಂದ 45 ತಾಯಂದಿರ ಕೂಸಿಗೆ ಸೋಂಕು ತಗಲಬಹುದು. ತಾಯಿ ಗುಳಿಗೆ ನುಂಗಿ, ಹುಟ್ಟಿದ ಕೂಸಿಗೂ ಔಷಧ ಹಾಕಿದರೆ ಇದು 5ಕ್ಕಿಂತ ಕಡಿಮೆಯಾಗುತ್ತದೆ. ಆದ್ದರಿಂದ ಬಸುರಿಯರೆಲ್ಲರೂ ಮೊದಲ ತಿಂಗಳುಗಳಲ್ಲೇ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಕಾನೂನು ಏನು ಹೇಳುತ್ತದೆ?

ಎಚ್.ಐ.ವಿ. ಕುರಿತು 2017ರಲ್ಲಿ ಒಂದು ಕಾಯದೆ ಆಯಿತು. 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಗೆ ಬಂದಿದೆ. ಅದರ ಪ್ರಕಾರ:

1. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ.
2. ಸೋಂಕು ಇದೆ ಎಂಬ ಕಾರಣಕ್ಕೆ ಕೆಲಸದಿಂದ, ಶಾಲೆಯಿಂದ, ದವಾಖಾನೆಯಿಂದ ದೂರ ಇಡುವಂತಿಲ್ಲ.
3. ಇರುವ ಮನೆಯಿಂದ ಹೊರಗೆ ಹಾಕುವಂತಿಲ್ಲ.
4. ಚಿಕಿತ್ಸೆ ಕೊಡುವವರು, ನಂಬಿ ಹೇಳಿಕೊಂಡಾಗ ಕೇಳಿಸಿಕೊಂಡವರು ಗುಟ್ಟನ್ನು ಹೊರಗೆ ಹೇಳುವಂತಿಲ್ಲ.

ಅನ್ಯಾಯವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿರಿ. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ನೆರವು ಪುಕ್ಕಟೆ. ದಿಕ್ಕಿಲ್ಲದ ಬಡವರಿಗೆ ಮಹಾರಾಷ್ಟ್ರ ಸರಕಾರದ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆ ಇದೆ. ಎಚ್.ಐ.ವಿ. ಇರುವವರೂ ಅದಕ್ಕೆ ಅರ್ಜಿ ಹಾಕಬಹುದು. ತಹಸೀಲ ಕಚೇರಿಯಲ್ಲಿ ಕೇಳಿರಿ.

ಈಗ ಅಕ್ಕ ಹೇಗಿದ್ದಾಳೆ?

ತಿರುಗಿ ಸೋಲಾಪುರಕ್ಕೆ ಹೋದಳು. ಯಾರೂ ಬೈಯಲಿಲ್ಲ. ಗುಳಿಗೆ ಮತ್ತೆ ಸುರುವಾದವು. ಅಂಕಿ ಬಂದವು, ಕನ್ನಡ ಅಕ್ಷರ ಬಂದವು. ಈಗ ಮಗಳ ಹತ್ತಿರ ಮರಾಠಿ ಅಕ್ಷರ ಕಲಿಯುತ್ತಿದ್ದಾಳೆ, ಚೀಟಿ ಇರುವುದು ಮರಾಠಿಯಲ್ಲಿ. ಬೋರಿನ ಹತ್ತಿರ ಒಬ್ಬಿಬ್ಬರು ಇನ್ನೂ ಕೊಡ ಸರಿಸುತ್ತಾರೆ. ಅವರಿಗೆ ಅಕ್ಕ ಹೇಳುವ ಮಾತು ಇದು: "ನೀರಿನಿಂದ ಬರೂದಿಲ್ಲವಾ ಇದು. ಕೂಡಿ ಉಂಡ್ರೂ ಬರೂದಿಲ್ಲ. ಬೇಕಾದ್ರ ನಮ್ಮ ಪಾಠದಾಗ ಓದಿ ತೋರಿಸ್ತೀನಿ."

ಚೀಟಿ ಮಾತ್ರ ಯಾರಿಗೂ ತೋರಿಸುವುದಿಲ್ಲ. "ನನ್ನ ಚೀಟಿ ನಾನೇ ಓದತೀನಿ" ಅನ್ನುತ್ತಾಳೆ.

ಹೊಸ ಪದಗಳು
ಸೋಂಕು: ರೋಗಾಣು ದೇಹದಲ್ಲಿ ಸೇರುವುದು
ಸಮಾಲೋಚಕರು: ಕೇಳಿಸಿಕೊಂಡು ತಿಳಿಹೇಳುವವರು
ಕಾಯದೆ: ಕಾನೂನು

ಉತ್ತರ ಹೇಳಿರಿ
1. ಅಕ್ಕ ಗುಳಿಗೆ ಬಿಟ್ಟದ್ದು ಯಾಕೆ? ತಪ್ಪು ಯಾರದು?
2. ಬೇರೆಯವರ ಚೀಟಿ ಓದಿಕೊಡುವಾಗ ನಾವು ಹೇಗೆ ನಡೆದುಕೊಳ್ಳಬೇಕು?
3. ಈ ಪಾಠದಲ್ಲಿ ಅಕ್ಕನ ಹೆಸರು ಯಾಕೆ ಇಲ್ಲ?

ಬರೆಯಿರಿ
ಪುಕ್ಕಟೆ ಫೋನ್ ಸಂಖ್ಯೆ: 1097. ಇದನ್ನು ಐದು ಸಲ ಬರೆಯಿರಿ.